ಅಟ್ಲಾಂಟಾದ ಯೆಹೂದ್ಯ ಮಂದಿರ ಮತ್ತು ವರ್ಣಸಮಾನತೆ

ಧರ್ಮಸಂಸ್ಥೆಯೊಂದು ತನ್ನ ಸುತ್ತಣ ಸಮಾಜದಲ್ಲಿ ನಡೆಯುವ ಅನ್ಯಾಯವನ್ನು ಕುರಿತು ಮಾತನಾಡಬೇಕೆ, ಇಲ್ಲವೆ ಪೂಜೆ, ಪಾಠ, ದಾನಗಳಷ್ಟಕ್ಕೆ ತನ್ನ ಕಾರ್ಯವನ್ನು ಸೀಮಿತಗೊಳಿಸಿಕೊಳ್ಳಬೇಕೆ ಎಂಬುದು ಎಲ್ಲ ಕಾಲದಲ್ಲಿಯೂ ಎದ್ದಿರುವ ಪ್ರಶ್ನೆ. ಸಂಸ್ಥೆಯು ಅಲ್ಪಸಂಖ್ಯಾತರದ್ದಾಗಿ, ಅನ್ಯಾಯಕ್ಕೆ ಗುರಿಯಾದವರು ಬೇರೊಂದು ಸಮುದಾಯದವರಾದರೆ ಈ ಪ್ರಶ್ನೆ ಇನ್ನೂ ಕಠಿಣವಾಗುತ್ತದೆ. ತನ್ನವರ ರಕ್ಷಣೆ ಮೊದಲೋ, ಪರರ ನೋವಿಗೆ ದನಿಯಾಗುವುದು ಮೊದಲೋ? ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದಲ್ಲಿರುವ ಯೆಹೂದ್ಯರ ಪ್ರಾರ್ಥನಾಮಂದಿರವೊಂದು ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಈ ಪ್ರಶ್ನೆಯನ್ನು ಎದುರಿಸಿದ ಬಗೆ ವಿಚಾರಾರ್ಹವಾಗಿದೆ.

1867ರಲ್ಲಿ ಸ್ಥಾಪನೆಗೊಂಡ ‘ಹೀಬ್ರೂ ಬೆನೆವೊಲೆಂಟ್ ಕಾಂಗ್ರಿಗೇಶನ್’ ಆ ನಗರದ ಅತ್ಯಂತ ಹಳೆಯ ಯೆಹೂದ್ಯ ಸಭೆ. ಜನರು ಅದನ್ನು ‘ದಿ ಟೆಂಪಲ್’ ಎಂದೇ ಕರೆಯುತ್ತಾರೆ. ಪೀಚ್‌ಟ್ರೀ ರಸ್ತೆಯಲ್ಲಿರುವ ಅದರ ಈಗಿನ ಕಟ್ಟಡ 1931ರಲ್ಲಿ ಸಮರ್ಪಣೆಗೊಂಡಿತು. ದಕ್ಷಿಣದ ರಾಜ್ಯಗಳಲ್ಲಿ ಆಗ ಕಪ್ಪುವರ್ಣೀಯರನ್ನು ಬಿಳಿಯರಿಂದ ಬೇರ್ಪಡಿಸುವ ಕಾನೂನುಗಳಿದ್ದವು. ಶಾಲೆ, ಬಸ್ಸು, ಉಪಾಹಾರಗೃಹ, ಕುಡಿಯುವ ನೀರಿನ ನಲ್ಲಿ ಎಲ್ಲವೂ ಪ್ರತ್ಯೇಕ. ಈ ವ್ಯವಸ್ಥೆಯಲ್ಲಿ ಯೆಹೂದ್ಯರನ್ನು ಬಿಳಿಯರೆಂದೇ ಎಣಿಸಲಾಗುತ್ತಿತ್ತು. ಆದರೆ ಆ ಸ್ಥಾನ ಎಷ್ಟು ದುರ್ಬಲವಾದುದೆಂಬುದನ್ನು ಅವರು ಕಹಿ ಅನುಭವದಿಂದ ಅರಿತಿದ್ದರು.

ಆ ಅನುಭವ 1913ರದು. ಪೆನ್ಸಿಲ್ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಹದಿಮೂರು ವರ್ಷದ ಬಾಲಕಿಯ ಕೊಲೆಯಾಯಿತು. ಕಾರ್ಖಾನೆಯ ಮೇಲ್ವಿಚಾರಕನೂ ಟೆಂಪಲ್‌ನ ಸದಸ್ಯನೂ ಆಗಿದ್ದ ಲಿಯೋ ಫ್ರಾಂಕ್‌ಗೆ ಮರಣದಂಡನೆ ವಿಧಿಸಲಾಯಿತು. ಸಾಕ್ಷ್ಯಗಳನ್ನು ಪರಿಶೀಲಿಸಿದ ರಾಜ್ಯಪಾಲ ಜಾನ್ ಸ್ಲೇಟನ್ 1915ರಲ್ಲಿ ಅದನ್ನು ಜೀವಾವಧಿ ಶಿಕ್ಷೆಗೆ ಇಳಿಸಿದರು. ಎರಡು ತಿಂಗಳೊಳಗೆ, ಆಗಸ್ಟ್ 17ರಂದು, ಗುಂಪೊಂದು ಫ್ರಾಂಕ್‌ನನ್ನು ಸೆರೆಮನೆಯಿಂದ ಎಳೆದೊಯ್ದು ಮರಿಯೆಟಾ ಊರಿನ ಬಳಿ ಮರಕ್ಕೆ ನೇತುಹಾಕಿತು. ಆತ ನಿರಪರಾಧಿಯೆಂಬುದು ಇಂದು ಬಹುತೇಕ ಇತಿಹಾಸಕಾರರ ಅಭಿಪ್ರಾಯ. ಜಾರ್ಜಿಯಾ ರಾಜ್ಯವು ಆತನಿಗೆ ಮರಣೋತ್ತರ ಕ್ಷಮಾದಾನ ನೀಡಿದ್ದು 1986ರಲ್ಲಿ. ಈ ಘಟನೆಯ ಬಳಿಕ ಅಟ್ಲಾಂಟಾದ ಯೆಹೂದ್ಯರು ಮೌನವನ್ನೇ ರಕ್ಷಾಕವಚವಾಗಿ ಮಾಡಿಕೊಂಡರು. 1895ರಿಂದ ಅರ್ಧ ಶತಮಾನ ಕಾಲ ಟೆಂಪಲ್‌ನ ಧರ್ಮಗುರುವಾಗಿದ್ದ ರಬ್ಬಿ ಡೇವಿಡ್ ಮಾರ್ಕ್ಸ್ ಅವರು ಬಹುಸಂಖ್ಯಾತ ಕ್ರೈಸ್ತರೊಡನೆ ಸೌಹಾರ್ದದಿಂದ ಬೆರೆತು ಬಾಳುವುದನ್ನೇ ಸಭೆಗೆ ಬೋಧಿಸಿದರು. ಆ ಮೌನವನ್ನು ಬರಿಯ ಹೇಡಿತನವೆಂದು ತಳ್ಳಿಹಾಕುವುದು ಸುಲಭ. ಆದರೆ ನೇಣುಹಗ್ಗವನ್ನು ಕಂಡವರ ಭಯಕ್ಕೆ ಕಾರಣವಿತ್ತು ಎಂಬುದನ್ನು ಮರೆಯುವಂತಿಲ್ಲ.

1946ರಲ್ಲಿ ಆ ಪೀಠಕ್ಕೆ ಬಂದವರು ರಬ್ಬಿ ಜೇಕಬ್ ರಾಥ್ಸ್‌ಚೈಲ್ಡ್. ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿದ ಇವರು ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ಧರ್ಮಗುರುವಾಗಿ ಗ್ವಾಡಲ್‌ಕೆನಾಲ್ ದ್ವೀಪದ ರಣರಂಗವನ್ನು ಕಂಡಿದ್ದರು. ಅಟ್ಲಾಂಟಾಕ್ಕೆ ಬಂದ ಕೆಲವೇ ವರ್ಷಗಳಲ್ಲಿ ಅವರು ಯೆಹೂದ್ಯ ಹೊಸವರ್ಷದ ಪವಿತ್ರ ದಿನಗಳ ಪ್ರವಚನಗಳಲ್ಲಿ ವರ್ಣಭೇದದ ವಿಚಾರವನ್ನು ಎತ್ತತೊಡಗಿದರು. ಪ್ರವಾದಿಗಳ ನ್ಯಾಯಬೋಧೆಯನ್ನು ವೇದಿಕೆಯ ಮೇಲೆ ಓದಿ, ಬೀದಿಯಲ್ಲಿ ಅದಕ್ಕೆ ವಿರುದ್ಧವಾಗಿ ನಡೆಯುವುದು ಧರ್ಮವಲ್ಲವೆಂಬುದು ಅವರ ವಾದದ ತಿರುಳಾಗಿತ್ತು. 1954ರ ಮೇ 17ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಶಾಲೆಗಳಲ್ಲಿ ವರ್ಣಾಧಾರಿತ ವಿಭಜನೆ ಸಂವಿಧಾನಬಾಹಿರವೆಂದು ಸಾರಿದ ಮೇಲೆ ಅವರ ಮಾತು ಇನ್ನೂ ಸ್ಪಷ್ಟವಾಯಿತು.

ಸಭೆಯಲ್ಲಿ ಎಲ್ಲರೂ ಇದನ್ನು ಒಪ್ಪಲಿಲ್ಲ. ಸದಸ್ಯರಲ್ಲಿ ವ್ಯಾಪಾರಿಗಳಿದ್ದರು, ಗಿರಾಕಿಗಳು ದೂರವಾದಾರೆಂಬ ಅಂಜಿಕೆ ಅವರಿಗಿತ್ತು. ಗುರುಗಳು ಸ್ವಲ್ಪ ಸುಮ್ಮನಿದ್ದರೆ ಲೇಸೆಂದು ಹಲವರು ಬಯಸಿದರು. ಆದರೂ ಪೀಠದಿಂದ ಆಡುವ ಮಾತಿಗೆ ತಡೆಯೊಡ್ಡಲಾಗಲಿಲ್ಲ. ರಾಥ್ಸ್‌ಚೈಲ್ಡ್ ಅವರೂ ಆತುರಪಡದೆ, ವರ್ಷವರ್ಷವೂ ಅದೇ ವಿಚಾರಕ್ಕೆ ಮರಳುತ್ತ ಸಭೆಯ ಮನಸ್ಸನ್ನು ಹದಗೊಳಿಸಿದರು. ಕಪ್ಪುವರ್ಣೀಯ ವಿದ್ವಾಂಸರನ್ನು ಮಂದಿರಕ್ಕೆ ಅತಿಥಿಗಳಾಗಿ ಕರೆದರು.

ಆ ಕಾಲದ ಅಟ್ಲಾಂಟಾದ ಗಣ್ಯರಲ್ಲಿ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾಗಿದ್ದ ಬೆಂಜಮಿನ್ ಮೇಸ್ ಪ್ರಮುಖರು. ಅವರ ಹೆಸರು ಕನ್ನಡಿಗರಿಗೆ ಪೂರ್ತಿ ಅಪರಿಚಿತವಾಗಿರಬೇಕಾಗಿಲ್ಲ. 1936ರ ಕೊನೆಯಲ್ಲಿ ಭಾರತಕ್ಕೆ ಬಂದ ಮೇಸ್ ವಾರ್ಧಾದಲ್ಲಿ ಗಾಂಧೀಜಿಯವರನ್ನು ಕಂಡು ಅಹಿಂಸೆಯ ಬಗ್ಗೆ ಚರ್ಚಿಸಿದರು. 1937ರ ಜನವರಿಯಲ್ಲಿ ಮೈಸೂರಿನಲ್ಲಿ ನಡೆದ ವೈ.ಎಂ.ಸಿ.ಎ. ಜಾಗತಿಕ ಸಮ್ಮೇಳನದಲ್ಲಿ ಭಾಗವಹಿಸಿದರು. ಮುಂದೆ ಮೋರ್‌ಹೌಸ್‌ನಲ್ಲಿ ಅವರ ವಿದ್ಯಾರ್ಥಿಯಾಗಿ ಬೆಳೆದವರು ಮಾರ್ಟಿನ್ ಲೂಥರ್ ಕಿಂಗ್.

1957ರ ನವೆಂಬರ್‌ನಲ್ಲಿ ಅಟ್ಲಾಂಟಾದ 80 ಮಂದಿ ಕ್ರೈಸ್ತ ಧರ್ಮಗುರುಗಳು ಶಾಂತಿ, ಕಾನೂನು ಪಾಲನೆ ಮತ್ತು ಉಭಯ ಜನಾಂಗಗಳ ನಡುವೆ ಸಂವಾದ ಬೇಕೆಂಬ ಘೋಷಣೆಯೊಂದನ್ನು ಪತ್ರಿಕೆಗಳಲ್ಲಿ ಪ್ರಕಟಿಸಿದರು. ಅದರ ರಚನೆಯಲ್ಲಿ ರಾಥ್ಸ್‌ಚೈಲ್ಡ್ ಅವರ ಪಾತ್ರವೂ ಇತ್ತು. ಆದರೆ ಅದರ ಭಾಷೆ ಕ್ರೈಸ್ತ ನಂಬಿಕೆಯದಾಗಿದ್ದುದರಿಂದ ಅವರು ಸಹಿ ಹಾಕಲಿಲ್ಲ. ಬದಲಾಗಿ ಪ್ರತ್ಯೇಕ ಲೇಖನ ಬರೆದು ಬೆಂಬಲಿಸಿದರು. ತನ್ನ ಧರ್ಮದ ನೆಲೆಯನ್ನು ಬಿಡದೆ ಪರಧರ್ಮೀಯರ ಸತ್ಕಾರ್ಯಕ್ಕೆ ಕೈಜೋಡಿಸಿದ ಈ ನಡೆ ಗಮನಾರ್ಹ.

ಅಷ್ಟರಲ್ಲಿ ದಕ್ಷಿಣದಲ್ಲಿ ದ್ವೇಷದ ಗಾಳಿ ಬಲವಾಗಿತ್ತು. 1958ರಲ್ಲಿ ಮಯಾಮಿ, ನ್ಯಾಶ್‌ವಿಲ್, ಜಾಕ್ಸನ್‌ವಿಲ್ ನಗರಗಳ ಯೆಹೂದ್ಯ ಕಟ್ಟಡಗಳಲ್ಲಿ ಸ್ಫೋಟಗಳಾದವು. ಅದೇ ವರ್ಷ ಅಕ್ಟೋಬರ್ 12ರ ಭಾನುವಾರ, ಬೆಳಗಿನ ಜಾವ ಮೂರೂವರೆಯ ಸುಮಾರಿಗೆ, ಟೆಂಪಲ್‌ನ ಪಕ್ಕದ ಬಾಗಿಲ ಬಳಿ ಇರಿಸಿದ್ದ ಸುಮಾರು 50 ಕಡ್ಡಿ ಡೈನಮೈಟ್ ಸಿಡಿಯಿತು. ಗೋಡೆ ಒಡೆಯಿತು, ಕಿಟಕಿಗಳ ಬಣ್ಣದ ಗಾಜುಗಳು ಚೂರಾದವು. ಪ್ರಾಣಹಾನಿಯಾಗಲಿಲ್ಲ. ಆದರೆ ಕೆಲವೇ ಗಂಟೆಗಳ ಬಳಿಕ ಭಾನುವಾರದ ಧರ್ಮಪಾಠಕ್ಕಾಗಿ ನೂರಾರು ಮಕ್ಕಳು ಅಲ್ಲಿಗೆ ಬರುವವರಿದ್ದರು.

ಹಿರಿಯರು ನಾಲ್ಕು ದಶಕಗಳಿಂದ ಅಂಜುತ್ತಿದ್ದುದೇ ನಡೆದುಹೋಗಿತ್ತು. ಆದರೆ ಮುಂದಿನದು ಅವರು ಎಣಿಸಿದಂತೆ ಆಗಲಿಲ್ಲ. ಮೇಯರ್ ವಿಲಿಯಂ ಹಾರ್ಟ್ಸ್‌ಫೀಲ್ಡ್ ಅಂದೇ ಸ್ಥಳಕ್ಕೆ ಬಂದು ಕೃತ್ಯವನ್ನು ಖಂಡಿಸಿದರು. ಅಧ್ಯಕ್ಷ ಐಸೆನ್‌ಹೋವರ್ ಅವರೂ ಖಂಡಿಸಿದರು. ಚರ್ಚುಗಳು ತಮ್ಮ ಕಟ್ಟಡಗಳನ್ನು ಬಳಸಿಕೊಳ್ಳುವಂತೆ ಕೇಳಿಕೊಂಡವು. ‘ಅಟ್ಲಾಂಟಾ ಕಾನ್‌ಸ್ಟಿಟ್ಯೂಷನ್’ ಪತ್ರಿಕೆಯ ಸಂಪಾದಕ ರಾಲ್ಫ್ ಮೆಕ್‌ಗಿಲ್, ನ್ಯಾಯಾಲಯದ ತೀರ್ಪುಗಳನ್ನು ಧಿಕ್ಕರಿಸುವಂತೆ ಜನರನ್ನು ಹುರಿದುಂಬಿಸಿದ ನಾಯಕರೇ ಇಂಥ ಹಿಂಸೆಗೆ ಬಾಗಿಲು ತೆರೆದರೆಂದು ನೇರವಾಗಿ ಬರೆದರು. ಅವರ ಸಂಪಾದಕೀಯಗಳಿಗೆ 1959ರ ಪುಲಿಟ್ಜರ್ ಪ್ರಶಸ್ತಿ ದೊರೆಯಿತು. ಐವರ ಮೇಲೆ ಆರೋಪ ಹೊರಿಸಲಾಯಿತಾದರೂ ಯಾರಿಗೂ ಶಿಕ್ಷೆಯಾಗಲಿಲ್ಲ. ವಿಚಾರಣೆಗೊಳಗಾದ ಒಬ್ಬನನ್ನು ಎರಡನೆಯ ವಿಚಾರಣೆಯಲ್ಲಿ ಖುಲಾಸೆಗೊಳಿಸಲಾಯಿತು.

ಮುಂದಿನ ಶುಕ್ರವಾರದ ಸಂಜೆ ಮಂದಿರ ಕಿಕ್ಕಿರಿದಿತ್ತು. ರಾಥ್ಸ್‌ಚೈಲ್ಡ್ ಅವರು ಪ್ರವಚನಕ್ಕೆ ಪ್ರವಾದಿ ಮೀಕನ ವಾಣಿಯಿಂದ ಶೀರ್ಷಿಕೆಯನ್ನಾರಿಸಿ, ಭಯಕ್ಕೆ ಮಣಿಯುವುದಿಲ್ಲವೆಂದು ಸಾರಿದರು. ಅವರ ಪತ್ನಿ ಜಾನಿಸ್ ಮುಂದೆ ಈ ಸ್ಫೋಟವನ್ನು ಗಾಯವನ್ನು ಮಾಯಿಸಿದ ಸ್ಫೋಟವೆಂದು ವರ್ಣಿಸಿದ್ದಾರೆ. ನಗರದ ಬಹುಸಂಖ್ಯಾತರು ತಮ್ಮ ಪರ ನಿಂತುದನ್ನು ಕಂಡು ಫ್ರಾಂಕ್ ಪ್ರಕರಣದ ನೆರಳು ಸರಿಯಿತು. ಗುರುಗಳ ಮಾತಿಗೆ ಅಳುಕುತ್ತಿದ್ದ ಸಭೆ ಅವರ ಬೆನ್ನಿಗೆ ನಿಂತಿತು. 1961ರ ಆಗಸ್ಟ್ 30ರಂದು ಒಂಬತ್ತು ಮಂದಿ ಕಪ್ಪುವರ್ಣೀಯ ವಿದ್ಯಾರ್ಥಿಗಳು ಅಟ್ಲಾಂಟಾದ ನಾಲ್ಕು ಪ್ರೌಢಶಾಲೆಗಳನ್ನು ಗಲಭೆಯಿಲ್ಲದೆ ಪ್ರವೇಶಿಸಿದರು.

ಈ ಕಥನದಲ್ಲಿ ಇನ್ನೊಂದು ಸತ್ಯವನ್ನೂ ಹೇಳಬೇಕು. ಯೆಹೂದ್ಯ ಮಂದಿರಕ್ಕೆ ದೊರೆತ ಅನುಕಂಪ ಕಪ್ಪುವರ್ಣೀಯರ ಮನೆಗಳಿಗೂ ಚರ್ಚುಗಳಿಗೂ ಬಾಂಬು ಬಿದ್ದಾಗ ದೊರೆಯುತ್ತಿರಲಿಲ್ಲ. 1963ರ ಸೆಪ್ಟೆಂಬರ್ 15ರಂದು ಬರ್ಮಿಂಗ್‌ಹ್ಯಾಮ್‌ನ ಚರ್ಚೊಂದರಲ್ಲಿ ನಾಲ್ವರು ಬಾಲಕಿಯರು ಸ್ಫೋಟಕ್ಕೆ ಬಲಿಯಾದರು. ಅಪರಾಧಿಗಳ ಪೈಕಿ ಮೊದಲಿಗನಿಗೆ ಶಿಕ್ಷೆಯಾಗಲು 1977ರ ವರೆಗೆ ಕಾಯಬೇಕಾಯಿತು. ಯೆಹೂದ್ಯ ಗುರುಗಳೆಲ್ಲರೂ ರಾಥ್ಸ್‌ಚೈಲ್ಡ್ ಅವರ ದಾರಿ ಹಿಡಿದರೆಂದೂ ಇಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ಪ್ರತಿಭಟನೆಗಳನ್ನು ನಿಲ್ಲಿಸಿ ತಾಳ್ಮೆಯಿಂದಿರಬೇಕೆಂದು ಹೇಳಿಕೆಯಿತ್ತ ಬರ್ಮಿಂಗ್‌ಹ್ಯಾಮ್‌ನ ಎಂಟು ಮಂದಿ ಧರ್ಮಗುರುಗಳಲ್ಲಿ ಒಬ್ಬರು ರಬ್ಬಿ. ಕಿಂಗ್ ಅವರು ಸೆರೆಮನೆಯಿಂದ ಬರೆದ ಪ್ರಸಿದ್ಧ ಪತ್ರ ಈ ಎಂಟು ಮಂದಿಗೆ ಉತ್ತರವಾಗಿತ್ತು.

1964ರಲ್ಲಿ ಕಿಂಗ್ ಅವರಿಗೆ ನೊಬೆಲ್ ಶಾಂತಿ ಪಾರಿತೋಷಕ ಸಂದಿತು. ಅವರ ಹುಟ್ಟೂರಿನಲ್ಲಿ ಸನ್ಮಾನ ನಡೆಸಲು ಮುಂದಾದವರು ನಾಲ್ವರು: ರಾಥ್ಸ್‌ಚೈಲ್ಡ್, ಮೇಸ್, ಮೆಕ್‌ಗಿಲ್ ಮತ್ತು ಕ್ಯಾಥೊಲಿಕ್ ಆರ್ಚ್‌ಬಿಷಪ್ ಪಾಲ್ ಹ್ಯಾಲಿನನ್. ಬಿಳಿಯ ಉದ್ಯಮಿಗಳು ಮೊದಲು ಹಿಂಜರಿದರು. ಕೋಕಾ ಕೋಲಾ ಸಂಸ್ಥೆಯ ಮುಖ್ಯಸ್ಥರು ಒತ್ತಾಯಿಸಿದ ಬಳಿಕ ಟಿಕೆಟ್ಟುಗಳು ಖರ್ಚಾದವು. 1965ರ ಜನವರಿ 27ರಂದು ಡಿಂಕ್ಲರ್ ಪ್ಲಾಜಾ ಹೋಟೆಲಿನಲ್ಲಿ ಉಭಯ ವರ್ಣಗಳ ಸುಮಾರು 1,500 ಮಂದಿ ಒಟ್ಟಿಗೆ ಕುಳಿತು ಊಟ ಮಾಡಿದರು. ಸಭೆಯನ್ನು ನಿರ್ವಹಿಸಿದವರು ರಾಥ್ಸ್‌ಚೈಲ್ಡ್. ಕೆಲವೇ ವರ್ಷಗಳ ಹಿಂದೆ ಸಹಪಂಕ್ತಿಯ ಭೋಜನ ಊಹೆಗೂ ನಿಲುಕದಿದ್ದ ಊರದು. 1968ರ ಏಪ್ರಿಲ್‌ನಲ್ಲಿ ಕಿಂಗ್ ಅವರ ಹತ್ಯೆಯಾದಾಗ ನಗರದ ಧರ್ಮಗುರುಗಳ ಸಂಯುಕ್ತ ಶ್ರದ್ಧಾಂಜಲಿ ಸಭೆಯಲ್ಲಿ ಅವರನ್ನು ಸ್ಮರಿಸಿ ಮಾತನಾಡಿದವರೂ ಇದೇ ರಬ್ಬಿ. 1973ರ ಡಿಸೆಂಬರ್ 31ರಂದು ರಾಥ್ಸ್‌ಚೈಲ್ಡ್ ನಿಧನರಾದರು.

ಈ ಇತಿಹಾಸದಲ್ಲಿ ಒಬ್ಬ ಗುರುವಿನ ಧೈರ್ಯದಷ್ಟೇ ಒಂದು ಸಭೆಯ ಸಹನೆಯೂ ಕೆಲಸ ಮಾಡಿದೆ. ಸದಸ್ಯರಲ್ಲಿ ಭಿನ್ನಾಭಿಪ್ರಾಯವಿತ್ತು, ಭಯವಿತ್ತು, ನಷ್ಟದ ಲೆಕ್ಕಾಚಾರವಿತ್ತು. ಆದರೂ ಅವರು ಗುರುವಿನ ಬಾಯಿ ಕಟ್ಟಲಿಲ್ಲ, ಮಂದಿರವನ್ನು ಬಿಟ್ಟು ಹೋಗಲಿಲ್ಲ, ಒಡೆದ ಗೋಡೆಯನ್ನು ಮತ್ತೆ ಕಟ್ಟಿದರು. ಧರ್ಮಸಂಸ್ಥೆಗಳ ಹೊಣೆ ಹೊತ್ತವರು ಸಾಮಾನ್ಯವಾಗಿ ಕಟ್ಟಡ, ನಿಧಿ, ಉತ್ಸವಗಳ ಬಗ್ಗೆ ಬಹಳವಾಗಿ ಯೋಚಿಸುತ್ತಾರೆ. ಅದು ಅಗತ್ಯವೇ. ಅದರೊಡನೆ, ಪೀಠದಲ್ಲಿ ಕುಳಿತವರು ಅಪ್ರಿಯವಾದ ಸತ್ಯವನ್ನು ನುಡಿಯಲು ತಮ್ಮ ಸಂಸ್ಥೆಯಲ್ಲಿ ಅವಕಾಶವಿದೆಯೇ ಎಂಬುದನ್ನೂ ಅವರು ಆಗಾಗ ಕೇಳಿಕೊಳ್ಳುವುದು ಉಚಿತ.