ರಬ್ಬರ್ ಬಳೆ ಮತ್ತು ಒಂದು ಚಳಿಯ ಬೆಳಗು

ಮೊನ್ನೆ ಊರಿಗೆ ಹೋದಾಗ ಕುಕ್ಕರ್ ಕೂಗಲೇ ಇಲ್ಲ. ಮುಚ್ಚಳದ ಪಕ್ಕದಿಂದ ಬುಸ್ ಅಂತ ಆವಿ. "ಗ್ಯಾಸ್ಕೆಟ್ ಗಟ್ಟಿಯಾಗಿದೆ ಕಣೋ, ಹೊಸದು ತಗೊಂಡು ಬಾ" ಅಂದಳು ಅಮ್ಮ. ಅಂಗಡಿಗೆ ಹೋಗುವ ದಾರಿಯಲ್ಲಿ ನನಗೆ ನೆನಪಾದದ್ದು ಚಾಲೆಂಜರ್ ದುರಂತ! ಓದಿದ್ದು ಮೆಕ್ಯಾನಿಕಲ್, ಹೊಟ್ಟೆಪಾಡಿಗೆ ಸಾಫ್ಟ್‌ವೇರ್. ಹಳೇ ಪಾಠಗಳು ಹೀಗೆ ಬೇಡದ ಹೊತ್ತಲ್ಲಿ ತಲೆ ಎತ್ತುತ್ತವೆ.

ಸೀಲಿಂಗ್ ರಿಂಗ್‌ನ ಕೆಲಸ ಇಷ್ಟೇ: ಎರಡು ಲೋಹದ ಭಾಗಗಳ ನಡುವಿನ ಸಂದಿ ಮುಚ್ಚುವುದು. ಒತ್ತಿದರೆ ಕುಗ್ಗಬೇಕು, ಸಂದಿ ಅಗಲವಾದರೆ ತಾನೂ ಹಿಗ್ಗಬೇಕು. ಯಾವ ರಬ್ಬರ್ ಹಾಕಬೇಕು ಅನ್ನುವುದೇ ಕಷ್ಟ. ಎಂಜಿನ್ ಆಯಿಲ್‌ಗೆ ನೈಟ್ರೈಲ್ ಆಗುತ್ತದೆ. ಆವಿಗೆ, ಬಿಸಿನೀರಿಗೆ ಇಪಿಡಿಎಂ ಒಳ್ಳೆಯದು, ಆದರೆ ಎಂಜಿನ್ ಆಯಿಲ್ ತಾಗಿದರೆ ಅದು ಉಬ್ಬಿಕೊಳ್ಳುತ್ತದೆ. ಎಣ್ಣೆಯನ್ನೂ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖವನ್ನೂ ತಡೆಯುವುದು ಡುಪಾಂಟ್ ಕಂಪನಿ 1957ರಲ್ಲಿ ತಂದ ವೈಟಾನ್. ಅದರ ವೈರಿ ಚಳಿ.

ಚಾಲೆಂಜರ್‌ನ ಬೂಸ್ಟರ್ ರಾಕೆಟ್‌ಗಳನ್ನು ತುಂಡುಗಳಾಗಿ ತಂದು ಜೋಡಿಸುತ್ತಿದ್ದರು. ಒಂದೊಂದು ಜೋಡಣೆಗೂ ವೈಟಾನ್‌ನ ಎರಡು ಓ-ರಿಂಗ್. ಸುಮಾರು 12 ಅಡಿ ಅಡ್ಡಳತೆಯ ಬಳೆ, ದಪ್ಪ ಬರೀ 7 ಮಿಲಿಮೀಟರ್! ರಾಕೆಟ್ ಹೊತ್ತಿಕೊಂಡ ಒಂದು ಸೆಕೆಂಡಿನೊಳಗೆ ಒತ್ತಡಕ್ಕೆ ಸಂದಿ ತೆರೆದುಕೊಳ್ಳುತ್ತಿತ್ತು. ರಿಂಗ್ ಅಷ್ಟರಲ್ಲೇ ಹಿಗ್ಗಬೇಕು. ಬೂಸ್ಟರ್ ತಯಾರಿಸುತ್ತಿದ್ದ ಮಾರ್ಟನ್ ಥಿಯೋಕಾಲ್ ಕಂಪನಿ ಇದನ್ನು ಪರೀಕ್ಷಿಸಿತ್ತು. 38 ಡಿಗ್ರಿಯಲ್ಲಿ ರಿಂಗ್ ಲೋಹವನ್ನು ಬಿಡಲೇ ಇಲ್ಲ. 24 ಡಿಗ್ರಿಯಲ್ಲಿ 2.4 ಸೆಕೆಂಡ್ ಬಿಟ್ಟಿತು. 10 ಡಿಗ್ರಿಯಲ್ಲಿ 10 ನಿಮಿಷ ಕಾದರೂ ಮತ್ತೆ ತಾಗಲಿಲ್ಲ.

1986ರ ಜನವರಿ 27ರ ರಾತ್ರಿ ಫ್ಲಾರಿಡಾದಲ್ಲಿ ಭಾರೀ ಚಳಿ. ರೋಜರ್ ಬೊಯ್ಸ್‌ಜೋಲಿ ಮತ್ತು ಸಹೋದ್ಯೋಗಿಗಳು ಟೆಲಿಕಾನ್ಫರೆನ್ಸ್‌ನಲ್ಲಿ ಹೇಳಿದರು: 12 ಡಿಗ್ರಿಗಿಂತ ಕಡಿಮೆ ಇದ್ದರೆ ಹಾರಿಸಬೇಡಿ. ಅದಕ್ಕಿಂತ ಚಳಿಯಲ್ಲಿ ಹಾರಿಸಿದ ಅನುಭವವೇ ಇರಲಿಲ್ಲ. ಅಪಾಯ ಎಷ್ಟು ಅಂತ ಅಂಕಿಯಲ್ಲಿ ಹೇಳಿ ಅಂದಾಗ ಬೊಯ್ಸ್‌ಜೋಲಿಗೆ ಆಗಲಿಲ್ಲ. ನಾಸಾದವರು ಆಕ್ಷೇಪಿಸಿದ ಮೇಲೆ ಕಂಪನಿಯ ಮ್ಯಾನೇಜರ್‌ಗಳು ತಮ್ಮ ಎಂಜಿನಿಯರ್‌ಗಳ ಮಾತು ಬದಿಗಿಟ್ಟು ಒಪ್ಪಿಗೆ ಕೊಟ್ಟರು. ಮರುದಿನ ಹಾರುವಾಗ ಸುಮಾರು 2 ಡಿಗ್ರಿ. 73 ಸೆಕೆಂಡಿಗೆ ನೌಕೆ ಚೂರಾಯಿತು. ಏಳು ಜನ ಹೋದರು.

ಮುಂದಿನ ತಿಂಗಳು ವಿಚಾರಣೆಯಲ್ಲಿ ರಿಚರ್ಡ್ ಫೈನ್‌ಮನ್ ಅದೇ ರಬ್ಬರ್‌ನ ತುಂಡನ್ನು ಕ್ಲಾಂಪಿನಲ್ಲಿ ಬಿಗಿದು ಐಸ್ ನೀರಲ್ಲಿ ಅದ್ದಿ ತೆಗೆದರು. ಸಡಿಲಿಸಿದರೂ ಅದು ತಕ್ಷಣ ಮೊದಲಿನ ಆಕಾರಕ್ಕೆ ಬರಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಆಮೇಲಿನದು. 1988ರ ಸೆಪ್ಟೆಂಬರ್‌ನಲ್ಲಿ ಷಟಲ್‌ಗಳು ಮತ್ತೆ ಹಾರಿದಾಗ ಜೋಡಣೆಯ ವಿನ್ಯಾಸ ಬದಲಾಗಿತ್ತು, ಮೂರನೇ ರಿಂಗ್ ಬಂದಿತ್ತು, ಬೆಚ್ಚಗಿಡಲು ಹೀಟರ್ ಬಂದಿತ್ತು. ರಬ್ಬರ್ ಮಾತ್ರ ಅದೇ ವೈಟಾನ್! ಅಂದರೆ ರಬ್ಬರ್ ಕೆಟ್ಟದ್ದಾಗಿರಲಿಲ್ಲ. ಅದರ ಮಿತಿ ಗೊತ್ತಿದ್ದವರ ಮಾತು ಆ ರಾತ್ರಿ ನಡೆಯಲಿಲ್ಲ, ಅಷ್ಟೇ. ನಮ್ಮ ರಿಲೀಸ್ ಕಾಲ್‌ಗಳಲ್ಲೂ "ತೊಂದರೆ ಆಗುತ್ತೆ ಅಂತ ಪ್ರೂವ್ ಮಾಡು" ಅನ್ನುವವರಿದ್ದಾರೆ. ನಾನೂ ಎಷ್ಟೋ ಸಲ ಸುಮ್ಮನಾಗಿದ್ದೇನೆ.

ಅಂಗಡಿಯವರು ಕೇಳಿದ್ದು ಒಂದೇ ಪ್ರಶ್ನೆ: "ಯಾವ ಕಂಪನಿ, ಎಷ್ಟು ಲೀಟರ್?" ನನಗೆ ಗೊತ್ತಿರಲಿಲ್ಲ. ಅಮ್ಮನಿಗೆ ಫೋನ್ ಮಾಡಿದೆ :)