ಸೊರಗಿದ ಸ್ನಾಯುವಿಗೆ ವಿದ್ಯುತ್ತು

ಹಾಸಿಗೆ ಹಿಡಿದ ಹಿರಿಯರ ತೊಡೆಗಳು ವಾರದಿಂದ ವಾರಕ್ಕೆ ತೆಳುವಾಗುವುದನ್ನು ನಮ್ಮಲ್ಲಿ ಅನೇಕರು ಮನೆಯಲ್ಲೇ ಕಂಡಿದ್ದೇವೆ. ರೋಗ ಇಳಿದರೂ ಎದ್ದು ನಿಲ್ಲುವ ಬಲ ಉಳಿದಿರುವುದಿಲ್ಲ. ಅಂಥವರ ಚರ್ಮಕ್ಕೆ ಪಟ್ಟಿಗಳನ್ನು ಅಂಟಿಸಿ, ಸಣ್ಣ ವಿದ್ಯುತ್ ಮಿಡಿತಗಳಿಂದ ಸ್ನಾಯುವನ್ನು ಕುಗ್ಗಿಸುವ ಯಂತ್ರ ನಮಗೆ ಹೊಸತಾಗಿ ಕಾಣುತ್ತದೆ. ಆದರೆ ಅದರ ಹಿಂದಿನ ಆಸೆ 18ನೆಯ ಶತಮಾನದಷ್ಟು ಹಳೆಯದು.

1748ರಲ್ಲಿ ಜಿನೀವಾದ ಝಾನ್ ಝಲಾಬೇರ್, ಬಲಗೈ ಸ್ವಾಧೀನ ತಪ್ಪಿದ್ದ ಬೀಗದ ಕೆಲಸಗಾರನೊಬ್ಬನು ವಿದ್ಯುತ್ ಚಿಕಿತ್ಸೆಯಿಂದ ಚೇತರಿಸಿಕೊಂಡುದನ್ನು ಪ್ರಕಟಿಸಿದನು. ಇಂಥ ಸುದ್ದಿಗಳು ಅಮೆರಿಕವನ್ನೂ ಮುಟ್ಟಿದವು. ಪೆನ್ಸಿಲ್ವೇನಿಯಾದ ನಾನಾ ಕಡೆಗಳಿಂದ ಪಾರ್ಶ್ವವಾಯು ಪೀಡಿತರನ್ನು ಬೆಂಜಮಿನ್ ಫ್ರಾಂಕ್ಲಿನ್‌ನ ಬಳಿಗೆ ಕರೆತಂದರು. 1757ರಲ್ಲಿ ವೈದ್ಯ ಜಾನ್ ಪ್ರಿಂಗಲ್‌ಗೆ ಬರೆದ ಪತ್ರದಲ್ಲಿ ಫ್ರಾಂಕ್ಲಿನ್ ಕಂಡದ್ದನ್ನು ಕಂಡಂತೆ ಹೇಳಿದ್ದಾನೆ: ಮೊದಲ ದಿನಗಳಲ್ಲಿ ಅಂಗಗಳು ಬೆಚ್ಚಗಾದವು, ಚಲನೆಯೂ ಸುಧಾರಿಸಿತು, ಐದನೆಯ ದಿನದ ನಂತರ ಸುಧಾರಣೆ ನಿಂತಿತು, ಮನೆಗೆ ಮರಳಿದವರು ಮತ್ತೆ ಮೊದಲಿನಂತಾದರು. ಆ ಅಲ್ಪಕಾಲದ ಗುಣವಾದರೂ ವಿದ್ಯುತ್ತಿನದೋ, ದಿನವೂ ತನ್ನ ಮನೆಗೆ ಬಂದುಹೋದ ವ್ಯಾಯಾಮದ್ದೋ, ಭರವಸೆ ತಂದ ಹುರುಪಿನದೋ ಎಂದು ಅವನೇ ಸಂದೇಹಿಸಿದನು. ಈ ಚರಿತ್ರೆಯಲ್ಲಿ ನಮಗೆ ಅತ್ಯಂತ ಬೆಲೆಯುಳ್ಳದ್ದು ಈ ಸಂದೇಹವೇ.

ಗ್ಯಾಲ್ವಾನಿ 1791ರಲ್ಲಿ ಕಪ್ಪೆಯ ಕಾಲಿನ ಪ್ರಯೋಗಗಳನ್ನು ಪ್ರಕಟಿಸಿದನು. 1831ರಲ್ಲಿ ಫ್ಯಾರಡೆ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದನು. ಆ ಪ್ರೇರಿತ ವಿದ್ಯುತ್ತನ್ನೇ ಬಳಸಿ ಫ್ರಾನ್ಸಿನ ವೈದ್ಯ ಡ್ಯೂಶೆನ್, ಚರ್ಮವನ್ನು ಚುಚ್ಚದೆ, ಒದ್ದೆಯಾದ ವಿದ್ಯುದ್ವಾರಗಳಿಂದ ಒಂದೊಂದೇ ಸ್ನಾಯುವನ್ನು ಕುಣಿಸಬಹುದೆಂದು ತೋರಿಸಿದನು. 1855ರ ಅವನ ಗ್ರಂಥ ಈ ವಿದ್ಯೆಗೆ ಶಿಸ್ತನ್ನು ತಂದಿತು. 1961ರಲ್ಲಿ ಲೈಬರ್ಸನ್ ಮತ್ತು ಸಂಗಡಿಗರು, ಪಾರ್ಶ್ವವಾಯುವಿನಿಂದ ಪಾದ ಜೋತುಬಿದ್ದವರಿಗಾಗಿ, ಹಿಮ್ಮಡಿ ನೆಲ ಬಿಟ್ಟೊಡನೆ ನರವನ್ನು ಪ್ರಚೋದಿಸಿ ಪಾದವನ್ನೆತ್ತುವ ಸಾಧನವನ್ನು ವರ್ಣಿಸಿದರು.

ಈ ಯಂತ್ರಕ್ಕೆ ಮಿತಿಯೂ ಉಂಟು. ಮಿದುಳು ಸ್ನಾಯುತಂತುಗಳನ್ನು ಸರದಿಯಂತೆ ದುಡಿಸುತ್ತದೆ. ಯಂತ್ರವು ಅವೇ ತಂತುಗಳನ್ನು ಒಟ್ಟಿಗೆ ಎಳೆಯುವುದರಿಂದ ದಣಿವು ಬೇಗ ಬರುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ತಾವಾಗಿ ವ್ಯಾಯಾಮ ಮಾಡಲಾರದವರಿಗೆ ಇದು ನಡುವಣ ಸೇತುವೆಯಾಗಬಹುದು. ಕಾಲೂರಿ ನಿಲ್ಲಬಲ್ಲವರಿಗೆ ನಡಿಗೆಯ ಬದಲಿಯಾಗಲಾರದು.

ಫ್ರಾಂಕ್ಲಿನ್‌ನ ಮನೆಗೆ ಬಂದವರ ಆಸೆಯೇ ಇಂದು ನಮ್ಮ ಮನೆಗಳಲ್ಲೂ ಇದೆ. ಆ ಆಸೆಯನ್ನು ನಾವು ಹಳಿಯಲಾರೆವು. ಯಂತ್ರವನ್ನು ಕೊಳ್ಳುವ ಮೊದಲು ಅವನ ಪ್ರಶ್ನೆಯನ್ನೂ ಒಮ್ಮೆ ಕೇಳಿಕೊಳ್ಳೋಣ.