ಕರಾವಳಿಯ ಅಂಗಡಿಮನೆ

ವಿಕ್ಟೋರಿಯಾ ರಾಣಿಯ ಕಾಲವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ದರಬಾರುಗಳು, ರೈಲುಮಾರ್ಗಗಳು, ದಂಡಿನ ಸಾಲುಗಳು. ಕಾರವಾರ ಅಂಕೋಲೆಗಳ ಸುತ್ತಣ ಹಳ್ಳಿಗಳಿಗೆ ಆ ಕಾಲವು ಬಂದುದು ಅಂಗಡಿಯ ಜಗಲಿಯ ಮೂಲಕ. ಆದುದರಿಂದ ಈ ಹೊತ್ತು ಅರಮನೆಗಳನ್ನು ಬಿಟ್ಟು ಅಂಥದೊಂದು ಅಂಗಡಿಕಾರನ ಮನೆಯೊಳಕ್ಕೆ ಹೋಗಿ ನೋಡೋಣ.

ಅಂಗಡಿಗೂ ಮನೆಗೂ ಅಲ್ಲಿದ್ದ ಅಂತರ ಒಂದು ಹೊಸ್ತಿಲಿನಷ್ಟು. ಮುಂದಿನ ಜಗಲಿಯಲ್ಲಿ ಉಪ್ಪು, ಬೆಲ್ಲ, ಮೆಣಸಿನಕಾಯಿ, ಹೊಗೆಸೊಪ್ಪು, ತೆಂಗಿನೆಣ್ಣೆ. ಹಿಂದೆ ದೇವರ ಕೋಣೆ, ಅಡಿಗೆಮನೆ, ತುಳಸಿಯ ಅಂಗಳ. ಒಳಗೆ ಕೊಂಕಣಿಯಾಡುತ್ತಿದ್ದ ಮನೆಯವರು, ಹಾಲಕ್ಕಿ ಒಕ್ಕಲಿಗನು ಬಂದು ನಿಂತೊಡನೆ ಕನ್ನಡಕ್ಕೆ ತಿರುಗುವರು. ತಕ್ಕಡಿ ಹಿಡಿದವನು ಯಜಮಾನನೆಂಬುದೇನೋ ನಿಜ. ಆದರೆ ಕೊಬ್ಬರಿಯನ್ನು ಬಿಸಿಲಿಗೆ ಹರವಿ ಕಾಯುವುದು, ಭತ್ತವನ್ನು ಬೇಯಿಸಿ ಒಣಗಿಸಿ ಕುಟ್ಟಿಸುವುದು, ದೂರದಿಂದ ಬಂದ ಗಿರಾಕಿಗೆ ನೀರು ಬೆಲ್ಲ ಕೊಡುವುದು, ಇವೆಲ್ಲ ಹೆಂಗಸರ ಪಾಲಿನವು. ಲೆಕ್ಕದ ಪುಸ್ತಕದಲ್ಲಿ ಈ ದುಡಿಮೆಗೆ ಒಂದು ಬಾಬೂ ಇರಲಿಲ್ಲ. ನಮ್ಮ ಇತಿಹಾಸಕಾರರೂ ಬಹುಮಟ್ಟಿಗೆ ಆ ಪುಸ್ತಕವನ್ನೇ ನಂಬಿದರೆಂದು ತೋರುತ್ತದೆ.

ಘಟ್ಟದ ಮೇಲಿನ ನಮಗೆ ಮಳೆಗಾಲವು ಬಿತ್ತನೆಯ ಉತ್ಸಾಹದ ಕಾಲ. ಅಲ್ಲಿ ಬಿತ್ತನೆಯೊಡನೆ ಹಸಿವೂ ಬರುತ್ತಿದ್ದಿತು. ಜೂನಿನಿಂದ ಸೆಪ್ಟೆಂಬರಿನವರೆಗೆ ದೇಶೀ ಹಡಗುಗಳು ಕಡಲಿಗಿಳಿಯವು. ಕಾಳಿ, ಗಂಗಾವಳಿ ನದಿಗಳು ದಾರಿ ತಡೆಯುವುವು. ಒಕ್ಕಲಿಗನ ಕಣಜ ಬರಿದಾಗುವುದೂ ಆಗಲೇ. ಅಂಗಡಿಕಾರನು ಅಕ್ಕಿಯನ್ನು ಕಡ ಕೊಟ್ಟು, ಸುಗ್ಗಿಯಲ್ಲಿ ಬಡ್ಡಿ ಸೇರಿಸಿ ಭತ್ತವನ್ನು ಅಳೆಸಿಕೊಳ್ಳುವನು. ಈ ಕಡವಿಲ್ಲದೆ ಎಷ್ಟೋ ಮನೆಗಳ ಒಲೆ ಉರಿಯುತ್ತಿರಲಿಲ್ಲ. ಈ ಕಡದಿಂದಲೇ ಎಷ್ಟೋ ಗದ್ದೆಗಳು ಕೈಬಿಟ್ಟವು. ಅವನನ್ನು ಬರಿಯ ಉಪಕಾರಿಯೆಂದಾಗಲಿ ಬರಿಯ ಸುಲಿಗೆಗಾರನೆಂದಾಗಲಿ ಹೇಳುವವರು ಪುಸ್ತಕದ ಒಂದೇ ಮಗ್ಗುಲನ್ನು ಓದಿದವರು. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಸಾಲಪತ್ರಗಳನ್ನು ಕಸಿದು ಸುಟ್ಟರು. ಸರ್ಕಾರವು 1879ರಲ್ಲಿ ದಖ್ಖನದ ನಾಲ್ಕು ಜಿಲ್ಲೆಗಳ ರೈತರಿಗೆ ಪರಿಹಾರದ ಕಾನೂನನ್ನು ಮಾಡಿತು. ಕನ್ನಡ ಜಿಲ್ಲೆಯು ಆ ನಾಲ್ಕರಲ್ಲಿ ಸೇರಿರಲಿಲ್ಲ.

ದೂರದ ರಾಜಕಾರಣವೂ ಈ ಜಗಲಿಯನ್ನು ಮುಟ್ಟದೆ ಬಿಡಲಿಲ್ಲ. ಧಾರವಾಡದ ಹತ್ತಿಗೆ ಕಾರವಾರದ ಬಂದರು ಬೇಕೆಂಬ ವರ್ತಕರ ಒತ್ತಾಯದಿಂದ 1862ರಲ್ಲಿ ಉತ್ತರ ಕನ್ನಡವು ಮದರಾಸನ್ನು ಬಿಟ್ಟು ಬೊಂಬಾಯಿ ಆಧಿಪತ್ಯಕ್ಕೆ ಸೇರಿತು. ಆಗ ಅಮೆರಿಕೆಯಲ್ಲಿ ಅಂತರ್ಯುದ್ಧ. ಹತ್ತಿಗೆ ಎಂದೂ ಕಾಣದ ಬೆಲೆ. ಉಪ್ಪಿನ ಮಾತು ಬೇರೆ. ಸಾಣಿಕಟ್ಟೆಯ ಆಗರಗಳು ಅಂಕೋಲೆಗೆ ದೂರವಲ್ಲ. ಆದರೂ ಉಪ್ಪು ಅಗ್ಗವಾಗಲಿಲ್ಲ. ಮಣಕ್ಕೆ 1882ರಲ್ಲಿ 2 ರೂಪಾಯಿಗಿಳಿದ ತೆರಿಗೆ 1888ರಲ್ಲಿ ಮತ್ತೆ ಎರಡೂವರೆಗೇರಿತು. ಆ ಅರ್ಧ ರೂಪಾಯಿಯ ವಿವರವನ್ನು ಗಿರಾಕಿಗೆ ಹೇಳಿ ಬೈಸಿಕೊಂಡವನು ಅಂಗಡಿಕಾರ. 1930ರಲ್ಲಿ ಅಂಕೋಲೆಯ ಕಡಲತೀರದಲ್ಲಿ ಜನರು ಕಾನೂನು ಮುರಿದು ಉಪ್ಪು ಮಾಡಿದುದಕ್ಕೆ ಹಿಂದೆ ಇಂಥ ಬಹುಕಾಲದ ಬೈಗಳೂ ಉಂಟು.

ಅದೇ 1888ರ ಸುಮಾರಿಗೆ ಮರ್ಮಗೋವೆಯ ರೈಲು ಘಟ್ಟವನ್ನು ಹತ್ತಿತು. ಮೇಲಿನ ಸರಕು ಆ ದಾರಿಯನ್ನು ಹಿಡಿಯಲು, ಕಾರವಾರದ ಆಸೆ ಕುಗ್ಗಿತು. ಅಂಗಡಿಮನೆಯ ಮಕ್ಕಳಲ್ಲಿ ಕೆಲವರು ಬೊಂಬಾಯಿಗೆ ಹೊರಟರು. ಉಳಿದವರು ದೀಪಾವಳಿಯಲ್ಲಿ ಹೊಸ ಪುಸ್ತಕಕ್ಕೆ ಅರಿಸಿನ ಕುಂಕುಮವಿಟ್ಟು, ಹಳೆಯದರ ಬಾಕಿಗಳನ್ನು ಮೊದಲ ಹಾಳೆಗೆ ಇಳಿಸಿಕೊಳ್ಳುವರು. ತೀರಿಹೋದ ಒಕ್ಕಲಿಗನ ಹೆಸರಿನ ಕೆಳಗೆ ಅವನ ಮಗನ ಹೆಸರನ್ನು ಬರೆಯುವರು.